ಮಲೆನಾಡಿನ ಮನೆಗೆ ಪ್ರೊಜೆಕ್ಟರ್ ಪರದೆ ನಾವೇ ಮಾಡ್ಕೊಳ್ಳೋದಾದ್ರೆ ಯಾವ ಬಟ್ಟೆ, ಯಾವ ಶೀಟು?

ಕಾಫಿಕಣ (ಆಲ್ದೂರು, ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ, ಪೂರ್ತಿ ಹೇಳಿದ್ರೇನೇ ನಿಮಗೂ ಸರಿಯಾಗಿ ಹೇಳಕ್ಕಾಗೋದು.

ನಮ್ಮ ಅಪ್ಪಯ್ಯಂಗೆ ಎರಡೂ ಕಣ್ಣು ಆಪರೇಷನ್ ಆಗಿದೆ, 32 ಇಂಚಿನ ಟೀವಿಲಿ ಕ್ರಿಕೆಟ್ ಸ್ಕೋರು ಕಾಣಲ್ಲ, ಕುರ್ಚಿ ಎಳ್ಕೊಂಡು ಹೋಗಿ ಟೀವಿ ಮುಂದೆ ಎರಡಡಿಲಿ ಕೂತ್ಕೊಳ್ತಾರೆ. ಅವ್ರಿಗೋಸ್ಕರ ಒಂದು ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದಿದೀನಿ, ಫುಲ್ ಎಚ್‌ಡಿ, ಎಲ್‌ಇಡಿ ದೀಪದ್ದು, ಡಬ್ಬದ ಮೇಲೆ ಬೆಳಕು 9000 ಲ್ಯುಮೆನ್ಸ್ ಅಂತ ಬರ್ದಿದೆ. ಕೋಣೆ ನಡುಮನೆ ಪಕ್ಕದ್ದು, ಮೊದ್ಲು ಕಾಳುಮೆಣಸಿನ ಮೂಟೆ ಇಡ್ತಿದ್ವಿ, 12 ಅಡಿ ಅಗಲ 17 ಅಡಿ ಉದ್ದ. ಮೇಲೆ ಹೆಂಚು, ಮಧ್ಯ ಒಂದು ಗಾಜಿನ ಹೆಂಚು, ಕೆಳಗೆ ರೆಡ್ ಆಕ್ಸೈಡ್ ನೆಲ. ಗೋಡೆ ಹಳೇ ಮಣ್ಣಿನ ಗೋಡೆ, ಸುಣ್ಣ ಹೊಡ್ದಿರೋದು, ಅಲ್ಲಲ್ಲಿ ಹೊಟ್ಟೆ ಬಂದಿದೆ, ಅದ್ರ ಮೇಲೆ ನೇರವಾಗಿ ಬಿಟ್ರೆ ಎಲ್ಲಾ ಸೊಟ್ಟ.

ಸದ್ಯಕ್ಕೆ ಎರಡು ಗೂಟಕ್ಕೆ ಬಿಳಿ ಪಂಚೆ ಕಟ್ಟಿದೀನಿ. ತುಂಬಾ ಬೆಳಕು ಬಟ್ಟೆ ದಾಟಿ ಹಿಂದಿನ ಗೋಡೆ ಮೇಲೆ ಹೋಗ್ತಿದೆ, ಕಿಟಕಿ ಗಾಳಿಗೆ ಅಲ್ಲಾಡತ್ತೆ, ಮಧ್ಯ ಜೋತು ಬಿದ್ದು ಪಿಚ್ ಬಾಣಲೆ ತರ ಕಾಣತ್ತೆ.

ರೆಡಿಮೇಡ್ ತಗೊಳ್ಳಿ ಅಂತೀರ, ಗೊತ್ತು. ಸುರುಳಿ ಸುತ್ತೋ ಪರದೆ ನೆಂಟರ ಮನೇಲಿ ನೋಡಿದೀನಿ, ಒಂದೇ ಮಳೆಗಾಲಕ್ಕೆ ಎರಡೂ ಅಂಚು ಮುದುರ್ಕೊಂಡಿತ್ತು. ನಾನೇ ಮಾಡ್ತೀನಿ. ಗರಗಸ, ಡ್ರಿಲ್ ಇದೆ, ತೋಟದಲ್ಲಿ ಹೋದ ತಿಂಗಳು ಕುಯ್ಸಿದ ಸಿಲ್ವರ್ ಓಕ್ ಹಲಗೆ ಬೇಕಾದಷ್ಟಿದೆ. ಬಟ್ಟೆನಾ, ಶೀಟಾ, ಪೇಂಟಾ? ಬಿಳಿನಾ, ಬೂದಿನಾ? ಬೂದು ಪರದೆಲಿ ಕಪ್ಪು ಚೆನ್ನಾಗಿ ಬರ್ತದೆ ಅಂತ ಕೇಳಿದೀನಿ, ಮನಸ್ಸು ಆ ಕಡೆಗೇ ಎಳೀತಿದೆ. 100 ಇಂಚು ಆಗ್ಬೇಕು ಅಂತ ಆಸೆ.

ಹಾಸನ್ ಹೈಫೈ (ಸಾಲಗಾಮೆ ರಸ್ತೆ, ಹಾಸನ)

ಕಾಫಿಕಣ ಅವ್ರೆ, ಬಟ್ಟೆ ಅಂಗಡಿಗೆ ಹೋಗೋ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಪ್ರೊಜೆಕ್ಟರ್ ಬೆಳಕು ಎಸೆಯತ್ತೆ, ಕತ್ತಲೆ ಎಸೆಯಕ್ಕೆ ಬರಲ್ಲ. ಪ್ರೊಜೆಕ್ಟರ್ ಆಫ್ ಮಾಡಿದಾಗ ನಿಮ್ಮ ಪರದೆ ಯಾವ ಬಣ್ಣ ಕಾಣತ್ತೋ, ಸಿನಿಮಾದಲ್ಲಿ ಕಪ್ಪು ಅನ್ನೋದು ಅದಕ್ಕಿಂತ ಕಪ್ಪಾಗಿ ಬರಕ್ಕೆ ಸಾಧ್ಯನೇ ಇಲ್ಲ. ಗಾಜಿನ ಹೆಂಚಿಂದ ಬೆಳಕು ಬೀಳ್ತಿದ್ರೆ ನಿಮ್ಮ ಕಪ್ಪು ಅಂದ್ರೆ ಆ ಹಗಲು ಬೆಳಕಲ್ಲಿ ಕಾಣೋ ಬಿಳಿ ಬಟ್ಟೆ, ಅಷ್ಟೇ. ಹಂಗಾಗಿ ಮೊದಲ ಖರ್ಚು ಪರದೆಗಲ್ಲ, ಆ ಹೆಂಚಿಗೆ ಒಳಗಿಂದ ಒಂದು ತುಂಡು ಕರಿ ಟಾರ್ಪಾಲ್.

ಎರಡನೇದು ಡಬ್ಬದ ಮೇಲಿನ 9000, ಅದನ್ನ ಮರ್ತುಬಿಡಿ. ಎಲ್‌ಇಡಿ ಲ್ಯುಮೆನ್ಸ್ ಅಂತ ಬರ್ಕೊಳೋ ಅಂಕಿಗೂ ಪರದೆ ಮೇಲೆ ಬೀಳೋ ಬೆಳಕಿಗೂ ಸಂಬಂಧನೇ ಇರಲ್ಲ. ನೀವೇ ಅಳೀಬೋದು. ಅನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಲ್ಯುಮೆನ್ಸ್ ಅಂತಾರಲ್ಲ ಅದ್ರ ವಿಧಾನ ಇಷ್ಟೇ: ಪೂರ್ತಿ ಬಿಳಿ ಚಿತ್ರ ಹಾಕಿ, ಚಿತ್ರನ ಮೂರು ಸಾಲು ಮೂರು ಕಂಬ ಅಂತ ಒಂಬತ್ತು ಚೌಕ ಮಾಡ್ಕೊಂಡು ಪ್ರತಿ ಚೌಕದ ಮಧ್ಯ ಲಕ್ಸ್ (ಅಲ್ಲಿ ಬೀಳೋ ಬೆಳಕು) ಅಳೆದು, ಸರಾಸರಿ ತೆಗ್ದು, ಪರದೆಯ ಚದರ ಮೀಟರಿಂದ ಗುಣಿಸೋದು. 100 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ; 16:9 (ಅಗಲ 16 ಪಾಲಾದ್ರೆ ಎತ್ತರ 9) ಚಿತ್ರ ಅಂದ್ರೆ 221.4 ಸೆಂಟಿಮೀಟರ್ ಅಗಲ, 124.5 ಎತ್ತರ, ಹತ್ರಹತ್ರ 2.76 ಚದರ ಮೀಟರ್. ಮೊಬೈಲ್ ಆಪ್‌ನ ಲಕ್ಸ್ ಅಷ್ಟು ನಿಖರ ಅಲ್ಲ, ಮದುವೆ ಫೋಟೋ ತೆಗ್ಯೋರ ಹತ್ರ ಲೈಟ್ ಮೀಟರ್ ಸಿಕ್ರೆ ಅದ್ರಲ್ಲಿ ಅಳೀರಿ.

ಅಪ್ಪಯ್ಯ ಎಷ್ಟು ದೂರ ಕೂರ್ತಾರೆ? 100 ಇಂಚಿಗೆ 10 ಅಡಿಲಿ ಕೂತ್ರೆ ಚಿತ್ರ ಕಣ್ಣಿಗೆ 40 ಡಿಗ್ರಿ ಅಗಲ ತುಂಬತ್ತೆ, ಹದಿಮೂರೂವರೆ ಅಡಿಗೆ ಹೋದ್ರೆ 30 ಡಿಗ್ರಿ. ಅವ್ರ ಕಣ್ಣಿಗೆ ನಾನಾದ್ರೆ 10 ಅಡಿ ಹತ್ರನೇ ಕುರ್ಚಿ ಹಾಕ್ತಿದ್ದೆ.

ಮೂಡಿಗೆರೆ ಮಳೆ (ಮೂಡಿಗೆರೆ)

ಮಾರಾಯ್ರೆ ಲೆಕ್ಕ ಎಲ್ಲಾ ಸರಿ, ಆದ್ರೆ ನಮ್ಮ ಕಡೆ ಪರದೆ ಹಾಳ್ ಮಾಡೋದು ಬೆಳಕಲ್ಲ, ಜೂನಿಂದ ಸೆಪ್ಟೆಂಬರ್. ನಾನು ಮಾಡಿದ್ದು ಹೇಳ್ತೀನಿ, ನೀವು ಅದೇ ದಾರಿಗೆ ಹೋಗ್ಬೇಡಿ.

ಮೊದಲು ಬಿಳಿ ಕಾಟನ್ ಬೆಡ್‌ಶೀಟು, ಚೌಕಟ್ಟಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿ. ಬೇಸಿಗೇಲಿ ಮೃದಂಗದ ತರ ಬಿಗಿ ಇತ್ತು. ಮಳೆ ಹಿಡ್ದು ಹದಿನೈದು ದಿನಕ್ಕೆ ಬಟ್ಟೆ ಸಡಿಲ, ಎಂಡಿಎಫ್ ಕೆಳಗಿನ ಪಟ್ಟಿ ನೀರು ಕುಡಿದು ಬ್ರೆಡ್ ತರ ಉಬ್ಬಿ ಸ್ಕ್ರೂ ಎಲ್ಲಾ ಕಿತ್ತು ಬಂತು. ಆಗಸ್ಟ್‌ಗೆ ಬಟ್ಟೆ ಮೇಲೆ ಬೂಸ್ಟು, ಚುಕ್ಕಿ ಚುಕ್ಕಿ, ಒಗೆದ್ರೂ ಹೋಗ್ಲಿಲ್ಲ, ಬಿಳಿ ಆಕಾಶ ಬಂದಾಗಲೆಲ್ಲ ಹಕ್ಕಿ ಹಾರ್ದಂಗೆ ಕಾಣೋದು. ಆಮೇಲೆ ಬಿಳಿ ರೆಕ್ಸಿನ್ ಹಾಕ್ದೆ. ಅದು ಸ್ವಲ್ಪ ಹೊಳಪು, ಎರಡನೇ ವರ್ಷಕ್ಕೆ ಮೇಲಿನ ಪದರ ಹಳೇ ಸೋಫಾ ಕಿತ್ಕೊಳ್ಳೋ ಹಾಗೆ ಕಿತ್ಕೊಂಡು ಬಂತು.

ಹತ್ತಿ ಬಟ್ಟೆ ಗಾಳೀಲಿರೋ ತೇವ ಹೀರತ್ತೆ, ತೂಕದ ನೂರಕ್ಕೆ ಎಂಟೂವರೆಯಷ್ಟು ತೇವ ಮಾಮೂಲಿ ಹವೆಯಲ್ಲೇ ಹಿಡ್ಕೊಂಡಿರತ್ತೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಅದೊಂದೇ ಕಾರಣಕ್ಕೆ ನಮ್ಮ ಕಡೆಯೋರು ಹತ್ತಿ ಪರದೆ ಮುಟ್ಟಬಾರದು ಅಂತೀನಿ ನಾನು.

ಬಯಲುಸೀಮೆ (ಅರಸೀಕೆರೆ)

ನಮ್ಮೂರಲ್ಲಿ ಈ ಬೂಸ್ಟಿನ ಕಾಟನೇ ಇಲ್ಲ ಕಣ್ರೀ, ಇರೋದು ಧೂಳು. ಒಂದೇ ಜಿಲ್ಲೆ ಅಂತಾರೆ, ಸಕಲೇಶಪುರದೋರು ಬಟ್ಟೆ ಒಣಗ್ಸಕ್ಕೆ ಪರದಾಡ್ತಿರೋವಾಗ ನಾವು ಆಕಾಶ ನೋಡ್ತಿರ್ತೀವಿ. ಅದ್ಕೆ ಯಾರೋ ಹೇಳಿದ್ರು ಅಂತ ಹಂಗೇ ಮಾಡಕ್ಕೆ ಹೋಗ್ಬೇಡಿ, ನಿಮ್ಮೂರಿನ ಹವಾ ನೋಡ್ಕೊಳಿ.

ನಂದು ಸಿಮೆಂಟ್ ಗೋಡೆ, ನಾನು ಪೇಂಟೇ ಮಾಡಿದ್ದು, ನಾಲ್ಕು ವರ್ಷ ಆಯ್ತು ಇನ್ನೂ ಚೆನ್ನಾಗೈತೆ. ಪುಟ್ಟಿ ಎರಡು ಕೋಟು, 180 ನಂಬರ್ ಪೇಪರಲ್ಲಿ ಉಜ್ಜಿ ಆಮೇಲೆ 320. ಲೈಟೆಲ್ಲ ಆಫ್ ಮಾಡಿ ಟಾರ್ಚನ್ನ ಗೋಡೆಗೆ ಅಂಟಿಸ್ದಂಗೆ ಪಕ್ಕದಿಂದ ಹಿಡೀರಿ, ಕೈಗೆ ಸಿಗದೇ ಇರೋ ಉಬ್ಬು ತಗ್ಗೆಲ್ಲ ನೆರಳು ಬಿಟ್ಟು ತೋರ್ಸುತ್ತೆ, ಅಲ್ಲಿ ಪೆನ್ಸಿಲ್ ಗುರುತು ಹಾಕಿ ಮತ್ತೆ ಉಜ್ಜಿ. ಪ್ರೈಮರ್ ಒಂದು, ಫ್ಲಾಟ್ ಮ್ಯಾಟ್ ಬಿಳಿ ಎಮಲ್ಷನ್ ಎರಡು ಕೋಟು, ಸಣ್ಣ ಫೋಮ್ ರೋಲರಲ್ಲಿ. ಅಂಗಡಿಯವ್ರು ತೊಳಿಯಕ್ಕೆ ಬರುತ್ತೆ, ಶೈನಿಂಗ್ ಬರುತ್ತೆ ಅಂತ ದುಬಾರಿದು ಕೊಡಕ್ಕೆ ನೋಡ್ತಾರೆ, ತಗೋಬೇಡಿ, ಹೊಳಪಿದ್ರೆ ಮಧ್ಯದಲ್ಲಿ ದೀಪ ಹಚ್ಚಿಟ್ಟಂಗೆ ಒಂದು ಬಿಳಿ ಮಚ್ಚೆ ಕಾಣುತ್ತೆ.

ಇನ್ನೊಂದು, ಸುಣ್ಣ ಹೊಡೀವಾಗ ಬೆಳ್ಳಗೆ ಕಾಣ್ಲಿ ಅಂತ ನೀಲಿ ಹಾಕ್ತೀವಲ್ಲ, ಪರದೆ ಜಾಗದಲ್ಲಿ ಅದು ಬೇಡ. ಕಣ್ಣಿಗೆ ಬಿಳಿ ಅನ್ಸುತ್ತೆ, ಮನುಷ್ಯರ ಮುಖದ ಮೇಲೆ ಆ ನೀಲಿ ಕಾಣುತ್ತೆ. ಪಂಚೆಗೆ ನೀಲಿ ಹಾಕಿದ್ರೂ ಅದೇ ಕಥೆ.

ಕಾಫಿಕಣ ಅಣ್ಣಂಗೆ ಮಣ್ಣಿನ ಗೋಡೆ, ಅವ್ರಿಗೆ ಇದು ಆಗಲ್ಲ ಬಿಡಿ. ಬೇರೆ ಯಾರಿಗಾದ್ರೂ ಆಗ್ಲಿ ಅಂತ ಬರ್ದೆ.

ಕಾಫಿಕಣ

ಎಲ್ರಿಗೂ ಧನ್ಯವಾದ. ಚಿಕ್ಕಮಗಳೂರಿಗೆ ಹೋದಾಗ ಫೋಟೋ ಸ್ಟುಡಿಯೋ ಗೆಳೆಯನ ಹತ್ರ ಲೈಟ್ ಮೀಟರ್ ಇಸ್ಕೊಂಡು ಬಂದೆ. ರಾತ್ರಿ ಒಂಬತ್ತು ಗಂಟೆಗೆ, ಕೋಣೆ ಪೂರ್ತಿ ಕತ್ತಲೆ ಮಾಡಿ ಒಂಬತ್ತು ಕಡೆ ಅಳೆದೆ. ಮಧ್ಯ 196, ಮೂಲೇಲಿ 130ರ ಆಸುಪಾಸು, ಸರಾಸರಿ 160 ಲಕ್ಸ್. 2.76ರಿಂದ ಗುಣಿಸಿದ್ರೆ ಸುಮಾರು 440 ಲ್ಯುಮೆನ್ಸ್. 9000 ಎಲ್ಲಿ 440 ಎಲ್ಲಿ. ಕೊಟ್ಟ ದುಡ್ಡಿಗೆ ಹೊಟ್ಟೆ ಉರೀತು ಅಂತ ಮುಚ್ಚಿಡದೆ ಹೇಳ್ತೀನಿ.

ಈಗ ಬೂದು ಹಾಕ್ಲಾ ಬೇಡ್ವಾ?

ಹಾಸನ್ ಹೈಫೈ

ಅಳೆದಿದ್ದು ಬಹಳ ಒಳ್ಳೇದಾಯ್ತು. ಈಗ ಲೆಕ್ಕ ಸುಲಭ. ಲ್ಯುಮೆನ್ಸನ್ನ ಪರದೆಯ ಚದರ ಅಡಿಯಿಂದ ಭಾಗಿಸಿ ಗೇನ್‌ನಿಂದ ಗುಣಿಸಿದ್ರೆ ಫುಟ್‌ಲ್ಯಾಂಬರ್ಟ್ ಬರತ್ತೆ, ಅಂದ್ರೆ ಪರದೆ ಎಷ್ಟು ಬೆಳಗಿ ಕಾಣತ್ತೆ ಅನ್ನೋ ಅಳತೆ. ಗೇನ್ ಅಂದ್ರೆ ಎಲ್ಲಾ ಕಡೆಗೂ ಒಂದೇ ಸಮ ಬೆಳಕು ಹರಡೋ ಶುದ್ಧ ಬಿಳಿ ಮ್ಯಾಟ್ ಮೇಲ್ಮೈಯನ್ನ 1 ಅಂತ ಇಟ್ಕೊಂಡು, ನಿಮ್ಮ ಪರದೆ ಅದಕ್ಕೆ ಹೋಲಿಸಿದ್ರೆ ಎದುರಿಗೆ ಎಷ್ಟು ವಾಪಸ್ ಕೊಡತ್ತೆ ಅನ್ನೋದು.

100 ಇಂಚಿನ ಪರದೆ 29.7 ಚದರ ಅಡಿ. 440 ಭಾಗಿಸು 29.7, ಬಿಳಿಗೆ ಸುಮಾರು 15. ಥಿಯೇಟರಲ್ಲಿ ಡಿಜಿಟಲ್ ಸಿನಿಮಾಗೆ ಇಟ್ಟಿರೋ ಮಾನದಂಡ 14, ಅಂದ್ರೆ ಚದರ ಮೀಟರಿಗೆ 48 ಕ್ಯಾಂಡೆಲಾ. ಅಲ್ಲಿಗೆ ಕತ್ತಲೆ ಕೋಣೇಲಿ ಬಿಳಿ ಪರದೆ ಹಾಕಿದ್ರೆ ನಿಮಗೆ ಥಿಯೇಟರಿನ ಬೆಳಕೇ ಸಿಗತ್ತೆ, ಆ ಪ್ರೊಜೆಕ್ಟರ್ ಬಗ್ಗೆ ಬೇಜಾರ್ ಮಾಡ್ಕೋಬೇಡಿ. ಬೂದು ಹಾಕಿ ಗೇನ್ 0.8 ಆದ್ರೆ 12ಕ್ಕೆ ಇಳೀತು. 120 ಇಂಚಿಗೆ ಹೋದ್ರೆ ಪರದೆ 42.7 ಚದರ ಅಡಿ, ಬಿಳಿಯಲ್ಲೂ 10 ಚಿಲ್ಲರೆ.

ಬೂದು ಪರದೆ ಕಪ್ಪನ್ನ ಕಪ್ಪು ಮಾಡತ್ತೆ ನಿಜ, ಬಿಳಿಯನ್ನೂ ಅಷ್ಟೇ ಕೆಳಗೆ ಇಳಿಸತ್ತೆ. ಬೆಳಕು ಧಾರಾಳ ಇರೋರಿಗೆ, ಲೈಟ್ ಹಾಕ್ಕೊಂಡು ನೋಡೋರಿಗೆ ಅದು ಸರಿ. ನಿಮ್ಮ ಹತ್ರ ಬೆಳಕೇ ಲೆಕ್ಕದ್ದು, ನೋಡೋರಿಗೆ ಕಣ್ಣು ಮಂದ. ಬೂದು ಬೇಡ ಅಂತ ಕೈ ಮುಗಿದು ಹೇಳ್ತೀನಿ.

ಸೂಜಿದಾರ (ಸಂತೆಪೇಟೆ, ಹಾಸನ)

ನಾನು ಕಿಟಕಿ ಕರ್ಟನ್ ಹೊಲಿಯೋಳು, ಪ್ರೊಜೆಕ್ಟರ್ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದ್ರೆ ಈ ಕೆಲಸಕ್ಕೆ ಅಂತ ಮೂರು ಜನ ನನ್ನ ಹತ್ರ ಬಟ್ಟೆ ತಗೊಂಡು ಹೋಗಿದಾರೆ, ಅದ್ಕೆ ಬರೀತಿದೀನಿ.

ನಿಮಗೆ ಬೇಕಾಗಿರೋದು ಕರ್ಟನ್ ಹಿಂದೆ ಹಾಕೋ ಬ್ಲ್ಯಾಕೌಟ್ ಲೈನಿಂಗ್. ಅಂಗಡೀಲಿ ತ್ರೀ ಪಾಸ್ ಅಂತ ಕೇಳಿ. ಬಟ್ಟೆ ಮೇಲೆ ಫೋಮ್ ಲೇಪನ ಮೂರು ಸಲ ಹಾಕಿರ್ತಾರೆ, ಬಿಳಿ, ಮಧ್ಯ ಕಪ್ಪು, ಮೇಲೆ ಮತ್ತೆ ಬಿಳಿ. ಆ ಕಪ್ಪು ಪದರದಿಂದ ಬೆಳಕು ಹಿಂದಕ್ಕೆ ದಾಟಲ್ಲ. ಟೂ ಪಾಸ್ ಕೊಟ್ಟು ಅದೂ ಇದೂ ಒಂದೇ ಅಂದ್ರೆ ಒಪ್ಕೋಬೇಡಿ, ಮೊಬೈಲ್ ಟಾರ್ಚ್ ಹಿಂದೆ ಹಿಡಿದು ಅಲ್ಲೇ ನೋಡಿ. ಪಾಲಿಯೆಸ್ಟರ್ ಮೇಲೆ ಹಾಕಿರೋದೇ ತಗೊಳ್ಳಿ, ಮೂಡಿಗೆರೆಯವ್ರು ಹೇಳಿದ್ದು ನೂರಕ್ಕೆ ನೂರು ಸರಿ.

ಅಗಲ 54 ಇಂಚು ಬರುತ್ತೆ. ನಿಮ್ಮ ಪರದೆ ಎತ್ತರ 49 ಇಂಚಲ್ವಾ, ಮೇಲೆ ಕೆಳಗೆ ಎರಡೂವರೆ ಇಂಚು ಮಡಚಕ್ಕೆ ಸರಿಯಾಗಿ ಸಿಗುತ್ತೆ, ಜೋಡಣೆ ಹೊಲಿಗೆ ಬೇಕಾಗಲ್ಲ. ಎರಡೂವರೆ ಮೀಟರ್ ತಗೊಂಡ್ರೆ ಸಾಕು. 110 ಇಂಚಿಗೆ ಎತ್ತರವೇ 54 ಆಗುತ್ತೆ, ಮಡಚಕ್ಕೆ ಏನೂ ಉಳಿಯಲ್ಲ, ಮಧ್ಯ ಹೊಲಿಗೆ ಹಾಕಿದ್ರೆ ಎಷ್ಟೇ ಚೆನ್ನಾಗಿ ಹೊಲಿದ್ರೂ ಗೆರೆ ಕಾಣುತ್ತೆ.

ಮುಖ್ಯವಾದ್ದು, ಅಂಗಡಿಯವ್ರಿಗೆ ಮಡಚಿ ಕವರಿಗೆ ಹಾಕ್ಬೇಡಿ ಅಂತ ಹೇಳಿ, ರಟ್ಟಿನ ಕೊಳವೆಗೆ ಸುತ್ತಿಸ್ಕೊಂಡು ಹೋಗಿ. ಲೇಪನದ ಬಟ್ಟೆಗೆ ಒಂದು ಸಲ ಮಡಿಕೆ ಬಿದ್ರೆ ಗೆರೆ ಹೋಗೋದು ಬಹಳ ಕಷ್ಟ, ಇಸ್ತ್ರಿ ಇಟ್ಟರಂತೂ ಲೇಪನವೇ ಹಾಳಾಗುತ್ತೆ.

ಕಾಫಿಕಣ

ಅಕ್ಕ, ಈ ಕೊಳವೆ ವಿಷಯ ನನಗೆ ಹೊಳೀತಾನೇ ಇರ್ಲಿಲ್ಲ. ತುಂಬಾ ಉಪಕಾರ ಆಯ್ತು.

ಬಿಎಂ ರೋಡ್ (ಹಾಸನ)

ಇಷ್ಟೆಲ್ಲ ಯಾಕೆ ಗುರು, ಹಳೇ ಫ್ಲೆಕ್ಸ್ ತಿರುಗಿಸಿ ಕಟ್ಟಿ, ಹಿಂದುಗಡೆ ಬೆಳ್ಳಗಿರುತ್ತೆ, ಹತ್ತಡಿ ಅಗಲ ಬರುತ್ತೆ, ಖರ್ಚೇ ಇಲ್ಲ.

ಬೋರ್ಡ್ ಬರಹ (ಬೇಲೂರು)

ನಾನು ಅಂಗಡಿ ಬೋರ್ಡ್ ಮಾಡೋನು, ಫ್ಲೆಕ್ಸ್ ಜೊತೆಗೇ ಬದುಕಿದೋನು, ಅದ್ಕೆ ಹೇಳ್ತೀನಿ. ಫ್ಲೆಕ್ಸ್ ಅಂದ್ರೆ ಪಾಲಿಯೆಸ್ಟರ್ ನೂಲಿನ ಬಲೆ, ಎರಡು ಪಿವಿಸಿ ಪದರದ ಮಧ್ಯ ಒತ್ತಿರ್ತಾರೆ. ರಸ್ತೇಲಿ ನಿಂತು ನೋಡಿದ್ರೆ ಬಲೆ ಕಾಣಲ್ಲ, ಹತ್ತಡಿಲಿ ಕೂತು ಬಿಳಿ ಗೋಡೆ ಇರೋ ದೃಶ್ಯ ನೋಡಿದ್ರೆ ಚೌಕ ಚೌಕ ಕಾಣುತ್ತೆ. ಫುಲ್ ಎಚ್‌ಡಿ ಚಿತ್ರನ 100 ಇಂಚಿಗೆ ಹಿಗ್ಗಿಸಿದ್ರೆ ಒಂದು ಪಿಕ್ಸೆಲ್ 1.15 ಮಿಲಿಮೀಟರ್, ಪರದೆ ಮೇಲಿನ ಯಾವ ನೇಯ್ಗೆನೂ ಬಲೆನೂ ಅದಕ್ಕಿಂತ ಬಹಳ ಸಣ್ಣದಾಗಿರಬೇಕು. ಸಾಲದ್ದಕ್ಕೆ ಹೊಳಪು. ಮಡಚಿಟ್ಟ ಹಳೇ ಫ್ಲೆಕ್ಸಿನ ಗೆರೆ ಬಿಸಿಲಿಗೆ ಹಾಕಿದ್ರೆ ಸ್ವಲ್ಪ ಹೋಗುತ್ತೆ, ಪೂರ್ತಿ ಹೋಗಲ್ಲ. ಹೊಸದು ತರ್ತೀನಿ ಅಂದ್ರೂ 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರಿಗೆ ನಿಷೇಧ ಬಂದಿದೆ.

ಶೀಟೇ ಬೇಕು ಅಂದ್ರೆ ಪಿವಿಸಿ ಫೋಮ್ ಶೀಟ್ ನೋಡಿ, ನಾವು ಅಕ್ಷರ ಕತ್ತರಿಸಕ್ಕೆ ಬಳಸೋದು. 8 ಅಡಿ 4 ಅಡಿ ಬರುತ್ತೆ, ನೀರು ಕುಡಿಯಲ್ಲ, ಹಗುರ. 4 ಅಡಿ ಎತ್ತರದಲ್ಲಿ 16:9 ಕತ್ತರಿಸಿದ್ರೆ ಸುಮಾರು 98 ಇಂಚಿನ ಪರದೆ ಒಂದೇ ತುಂಡಲ್ಲಿ ಆಗುತ್ತೆ. 5 ಎಂಎಂ ತಗೊಂಡ್ರೆ ಹಿಂದೆ ಆಧಾರ ಕೊಡ್ಲೇಬೇಕು, ಇಲ್ದಿದ್ರೆ ಬಿಲ್ಲಿನ ತರ ಬಾಗುತ್ತೆ.

ಮೂಡಿಗೆರೆ ಮಳೆ

ಫೋಮ್ ಶೀಟಿಗೆ ನನ್ನ ಓಟು. ಬೂಸ್ಟು ಹಿಡಿದ್ರೆ ಒದ್ದೆ ಬಟ್ಟೇಲಿ ಒರೆಸಿದ್ರಾಯ್ತು.

ಕಾಫಿಕಣ

ಹೈಫೈ ಅವ್ರು ಪರ್ಸನಲ್ ಮೆಸೇಜಲ್ಲಿ ಹೇಳಿದ್ರು, ಯಾರ ಮಾತೂ ನಂಬಬೇಡಿ, ಎಲ್ಲದ್ರದ್ದೂ ಒಂದೊಂದು ತುಂಡು ತಂದು ಒಂದೇ ಹಲಗೆಗೆ ಅಂಟಿಸಿ ಒಂದೇ ಚಿತ್ರ ಬಿಟ್ಟು ನೋಡಿ ಅಂತ. ಹಂಗೇ ಮಾಡ್ದೆ, ಇದಕ್ಕೆ ಒಂದು ಭಾನುವಾರ ಪೂರ್ತಿ ಹೋಯ್ತು.

ನಾಲ್ಕಡಿ ಪ್ಲೈ ತುಂಡಿನ ಮೇಲೆ ನೋಟ್‌ಬುಕ್ ಗಾತ್ರದ ಏಳು ಚೂರು: ಪಂಚೆ ಎರಡು ಮಡಿಕೆ, ಬ್ಲ್ಯಾಕೌಟ್ ಬಟ್ಟೆ ಮುಖ, ಬ್ಲ್ಯಾಕೌಟ್ ಲೇಪನದ ಮುಖ, ಫ್ಲೆಕ್ಸ್ ಹಿಂಭಾಗ, ಫೋಮ್ ಶೀಟು, ಅಡುಗೆಮನೆ ಕಬೋರ್ಡಿಗೆ ಅಂಟಿಸೋ ಮ್ಯಾಟ್ ಬಿಳಿ ಲ್ಯಾಮಿನೇಟ್, ಮತ್ತೆ ಮ್ಯಾಟ್ ಎಮಲ್ಷನ್ ಹೊಡೆದ ಹಲಗೆ ಚೂರು. ಪೂರ್ತಿ ಬಿಳಿ, ಬೂದು ಮೆಟ್ಟಿಲು, ಒಂದು ಹೆಂಗಸಿನ ಮುಖ, ಕ್ರಿಕೆಟ್ ಮೈದಾನ, ಈ ನಾಲ್ಕು ಚಿತ್ರ. ಒಂದು ಸಲ ಎದುರಿಂದ, ಒಂದು ಸಲ ಪಕ್ಕದ ಕುರ್ಚಿಯಿಂದ. ಮೊಬೈಲ್ ಕ್ಯಾಮೆರಾದ ಎಕ್ಸ್‌ಪೋಷರ್ ಲಾಕ್ ಮಾಡಿ ಫೋಟೋನೂ ತೆಗ್ದೆ, ಲಾಕ್ ಮಾಡ್ದಿದ್ರೆ ಕ್ಯಾಮೆರಾ ಅದೇ ಎಲ್ಲ ಸರಿ ಮಾಡಿ ತೋರ್ಸಿಬಿಡತ್ತೆ.

ಪಂಚೆ ಎಲ್ಲಕ್ಕಿಂತ ಮಂಕು. ಎರಡು ಮಡಿಕೆ ಇದ್ರೂ ಹಿಂದಿನ ಪ್ಲೈನ ಕಂದು ಬಣ್ಣ ಮುಂದಕ್ಕೆ ಇಣುಕ್ತಿತ್ತು. ಫ್ಲೆಕ್ಸ್ ಎದುರಿಂದ ನೋಡಿದ್ರೆ ಎಲ್ಲಕ್ಕಿಂತ ಬೆಳಕು, ಒಂದು ಕ್ಷಣ ಇದೇ ಸಾಕು ಅನ್ನಿಸ್ತು, ನಾಲ್ಕಡಿ ಪಕ್ಕಕ್ಕೆ ಸರಿದ ತಕ್ಷಣ ಬೆಳಕು ಸತ್ತೇ ಹೋಯ್ತು, ಬಲೆನೂ ಕಾಣ್ತು. ಲ್ಯಾಮಿನೇಟು ಪರವಾಗಿಲ್ಲ, ಆದ್ರೆ ಬಿಳಿ ಜಾಗದಲ್ಲಿ ಸಣ್ಣ ಮಿಣಮಿಣ. ಎಮಲ್ಷನ್ ಹಲಗೆ, ಫೋಮ್ ಶೀಟು, ಬ್ಲ್ಯಾಕೌಟಿನ ಎರಡೂ ಮುಖ, ಈ ನಾಲ್ಕರಲ್ಲಿ ಎದುರಿಂದ ವ್ಯತ್ಯಾಸ ಹೇಳು ಅಂದ್ರೆ ನನ್ನ ಕೈಲಿ ಆಗ್ಲಿಲ್ಲ. ಪಕ್ಕದಿಂದ ಫೋಮ್ ಶೀಟಿಗೆ ತುಸು ಹೊಳಪು ಬಂತು. ಬ್ಲ್ಯಾಕೌಟಿನ ಬಟ್ಟೆ ಮುಖದಲ್ಲಿ ಹತ್ರ ಹೋದ್ರೆ ನೇಯ್ಗೆ ಕಾಣತ್ತೆ, ಲೇಪನದ ಮುಖ ಮೊಸರಿನ ಕೆನೆ ತರ ಸಪಾಟು.

ಅಪ್ಪಯ್ಯನ್ನ ಕರ್ದು ಕೂರಿಸಿ ಹೆಸರು ಹೇಳ್ದೆ ಕೇಳ್ದೆ. ಬ್ಲ್ಯಾಕೌಟ್ ಲೇಪನದ ಮುಖದ ಕಡೆಗೇ ಊರುಗೋಲು ತೋರಿಸಿದ್ರು. ಅವ್ರು ಯಾವಾಗ್ಲೂ ಕಿಟಕಿ ಪಕ್ಕ ಕೂರೋರು, ಪಕ್ಕದಿಂದ ಚೆನ್ನಾಗಿ ಕಾಣೋದೇ ಮುಖ್ಯ. ಹಂಗಾಗಿ ಮೂಡಿಗೆರೆಯವ್ರೆ, ಫೋಮ್ ಶೀಟ್ ಬಿಟ್ಟೆ, ತಪ್ಪು ತಿಳೀಬೇಡಿ.

ಪಕ್ಕವಾದ್ಯ (ಕಡೂರು)

ಮಧ್ಯ ಬಾಯಿ ಹಾಕ್ತಿದೀನಿ. ಸೆಂಟರ್ ಸ್ಪೀಕರನ್ನ ಈ ಬಟ್ಟೆ ಹಿಂದೆ ಇಡ್ಬೋದಾ? ಥಿಯೇಟರಲ್ಲಿ ಪರದೆ ಹಿಂದೇನೇ ಇರತ್ತಲ್ಲ.

ಹಾಸನ್ ಹೈಫೈ

ಬ್ಲ್ಯಾಕೌಟಿಗೆ ಆಗಲ್ಲ, ಲೇಪನ ಶಬ್ದದ ಮೇಲಿನ ಸ್ವರಗಳನ್ನ ತಡೆಯತ್ತೆ, ಮಾತು ಕಂಬಳಿ ಹೊದ್ಕೊಂಡು ಆಡಿದಂಗೆ ಕೇಳತ್ತೆ. ಥಿಯೇಟರ್ ಪರದೇಲಿ ಸಣ್ಣ ಸಣ್ಣ ತೂತಿರತ್ತೆ, ಅದ್ಕೆ ಅಲ್ಲಿ ಆಗೋದು. ಮನೇಲಿ ಮಾಡೋದಾದ್ರೆ ಬಿಳಿ ಲೈಕ್ರಾ ಎಳೆದು ಕಟ್ಟಿ ಹಿಂದೆ ಕರಿ ಲೈಕ್ರಾ ಇನ್ನೊಂದು ಪದರ ಕೊಡ್ತಾರೆ, ಶಬ್ದ ದಾಟತ್ತೆ, ಆದ್ರೆ ಬೆಳಕೂ ಸ್ವಲ್ಪ ಹೋಗತ್ತೆ. ಬೆಳಕು ಕಮ್ಮಿ ಇರೋರು ಸ್ಪೀಕರನ್ನ ಪರದೆ ಕೆಳಗಿಟ್ಟು ಮೂತಿ ಸ್ವಲ್ಪ ಮೇಲೆತ್ತಿ.

ಕಾಫಿಕಣ

ಮೂರು ವಾರ ಆಯ್ತು, ಒಳ್ಳೆ ಸುದ್ದಿ ತರೋಣ ಅಂತಿದ್ದೆ. ಸಿಲ್ವರ್ ಓಕ್ ಹಲಗೇಲಿ ಚೌಕಟ್ಟು ಮಾಡಿದ್ದೆ, ಎರಡಿಂಚು ಒಂದಿಂಚು ಪಟ್ಟಿ, ಮೂಲೆಗೆ ಕಬ್ಬಿಣದ ಎಲ್ ಪಟ್ಟಿ, ನೋಡಕ್ಕೆ ಬಹಳ ಚೆಂದ ಇತ್ತು. ಹೋದ ವಾರ ಗೋಡೆಗೆ ಆನಿಸಿದ್ರೆ ಒಂದು ಮೂಲೆ ಎರಡೂವರೆ ಇಂಚು ಆಚೆ ನಿಂತಿದೆ, ಹಪ್ಪಳ ಎಣ್ಣೆಗೆ ಬಿಟ್ಟಾಗ ತಿರುಚ್ಕೊಳ್ಳೋ ಹಾಗೆ. ಪುಣ್ಯಕ್ಕೆ ಬಟ್ಟೆ ಇನ್ನೂ ಹೊಡೆದಿರ್ಲಿಲ್ಲ, ಕೊಳವೇಲೇ ಇದೆ. ಮನಸ್ಸಿಗೆ ತುಂಬಾ ಬೇಜಾರಾಯ್ತು.

ಬೋರ್ಡ್ ಬರಹ

ಹೋದ ತಿಂಗಳು ಕುಯ್ಸಿದ್ದು ಅಂತ ನೀವು ಮೊದಲೇ ಬರ್ದಿದ್ರಿ, ನಾವ್ಯಾರೂ ಗಮನಿಸ್ಲಿಲ್ಲ, ನಮ್ಮದೂ ತಪ್ಪೇ. ಹಸಿ ಮರ ಒಣಗ್ತಾ ತಿರುಚುತ್ತೆ, ಸಿಲ್ವರ್ ಓಕ್ ಆಗ್ಲಿ ಇನ್ಯಾವುದೇ ಆಗ್ಲಿ. ನೆರಳಲ್ಲಿ ಮಧ್ಯ ಮಧ್ಯ ರೀಪು ಕೊಟ್ಟು ಪೇರಿಸಿ, ಮೇಲೆ ಭಾರ ಇಟ್ಟು ತಿಂಗಳುಗಟ್ಟಲೆ ಒಣಗಿಸ್ಬೇಕಿತ್ತು.

ಅಲ್ಯೂಮಿನಿಯಂ ಚೌಕ ಪೈಪಿಗೆ ಹೋಗಿ, ಒಂದಿಂಚು ದಪ್ಪದ್ದು, ಕಿಟಕಿ ಸ್ಲೈಡಿಂಗ್ ಮಾಡೋ ಅಂಗಡೀಲಿ ಅಳತೆಗೆ ಕತ್ತರಿಸಿ ಕೊಡ್ತಾರೆ. ಹೊರ ಅಳತೆ ಸರಿಯಾಗಿ 221.4, 124.5. ಪೈಪಿಗೆ ಸ್ಟೇಪಲ್ ಹೋಗಲ್ಲ, ಹಿಂಭಾಗಕ್ಕೆ ಸುತ್ತಲೂ 12 ಎಂಎಂ ಪ್ಲೈ ಪಟ್ಟಿ ಸ್ಕ್ರೂ ಮಾಡ್ಕೊಳ್ಳಿ. ಪ್ಲೈ ಮಾತ್ರ ಐಎಸ್ 710 ಗುರುತಿರೋ ಮರೈನ್ ಪ್ಲೈ, ನಿಮ್ಮ ಕಡೆ ಬೇರೇದು ಬಾಳಲ್ಲ. ಮಧ್ಯ ನಿಲ್ಲೋ ಅಡ್ಡಪೈಪು ಬಟ್ಟೆಗೆ ತಾಗಬಾರದು, ಅದನ್ನ ಅರ್ಧ ಇಂಚು ಹಿಂದೆ ಕೂರಿಸಿ, ತಾಗಿದ್ರೆ ಗೆರೆ ಮೂಡುತ್ತೆ.

ಮೂಲೆ ಸರಿ ಇದ್ಯಾ ನೋಡಕ್ಕೆ ಗುಣಿಯಾ ಸಾಲಲ್ಲ, ಟೇಪ್ ಹಿಡಿದು ಮೂಲೆಯಿಂದ ಮೂಲೆ ಅಳೀರಿ. ಎರಡೂ ಕರ್ಣ 254 ಸೆಂಟಿಮೀಟರ್ ಬರಬೇಕು. ನಿಮ್ಮ 100 ಇಂಚು ಅಂದ್ರೆ ಅದೇ.

ಸೂಜಿದಾರ

ಬಟ್ಟೆ ಎಳೆಯೋ ಕ್ರಮ ನಾನು ಹೇಳ್ತೀನಿ. ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಹೊಡ್ಕೊಂಡು ಬರಬೇಡಿ, ಕೊನೇ ಮೂಲೇಲಿ ಎಲ್ಲಾ ಸುಕ್ಕು ಬಂದು ಸೇರುತ್ತೆ. ಶುದ್ಧವಾದ ಬೆಡ್‌ಶೀಟ್ ಹಾಸಿ ಅದ್ರ ಮೇಲೆ ಬಟ್ಟೆಯ ಲೇಪನದ ಮುಖ ಕೆಳಗೆ ಮಾಡಿ ಹಾಸಿ, ಮೇಲೆ ಚೌಕಟ್ಟು ಇಡಿ. ಉದ್ದದ ಬದಿಯ ನಟ್ಟನಡುವೆ ಒಂದು ಸ್ಟೇಪಲ್, ಅದ್ರ ಎದುರು ಬದಿ ನಡುವೆ ಎಳೆದು ಒಂದು. ಆಮೇಲೆ ಗಿಡ್ಡ ಬದಿಗಳು, ಹಾಗೇ ನಡುವಿಂದ ಮೂಲೆ ಕಡೆಗೆ, ಈ ಬದಿ ಒಂದು ಆ ಬದಿ ಒಂದು, ಮಂಚಕ್ಕೆ ನವಾರು ಎಳೆಯೋ ತರ ಇಬ್ಬರು ಎದುರುಬದುರು ಕೂತು ಮಾಡಿ. ಒಬ್ಬರ ಕೈ ಬಿಗಿ ಒಬ್ಬರ ಕೈ ಸಡಿಲ ಆಗಬಾರದು, ಅರ್ಧ ಆದ್ಮೇಲೆ ಜಾಗ ಬದಲಾಯಿಸ್ಕೊಳ್ಳಿ. ಮೂಲೆ ಕೊನೆಗೆ, ಹಾಸಿಗೆ ಮೂಲೆ ಮಡಚಿದ ಹಾಗೆ.

ಅಂಚಿಗೆ ಕರಿ ವೆಲ್ವೆಟ್ ಬಾರ್ಡರ್ ಮರೀಬೇಡಿ. ಮೂರಿಂಚಿನ ಪಟ್ಟಿಗೆ ಸುತ್ತಿ ಪರದೆ ಹೊರಗಡೆ ಸುತ್ತ ಹೊಡೀರಿ. ವೆಲ್ವೆಟ್ಟಿನ ಮೇಲಿನ ಸಣ್ಣ ನೂಲು ಒಂದು ಕಡೆಗೆ ಮಲಗಿರುತ್ತೆ, ನಾಲ್ಕೂ ಪಟ್ಟಿಗೆ ಒಂದೇ ದಿಕ್ಕಲ್ಲಿ ಬರೋ ಹಾಗೆ ಕತ್ತರಿಸಿ.

ಕಾಫಿಕಣ

ಆಯ್ತು! ನಾನೂ ನಮ್ಮ ಮನೆಯವಳೂ ಎದುರುಬದುರು ಕೂತು ಎಳೆದ್ವಿ, ಮೂರು ಗಂಟೆ ಹಿಡೀತು. ಬೆರಳಲ್ಲಿ ತಟ್ಟಿದ್ರೆ ಡಬ್ ಅನ್ನತ್ತೆ. ಒಂದು ಸುಕ್ಕಿಲ್ಲ. ಬಾರ್ಡರ್ ಕೂರಿಸಿದ ಮೇಲೆ ಅದೇ ಚಿತ್ರ ಇನ್ನೊಂದು ಮೆಟ್ಟಿಲು ಗಟ್ಟಿಯಾಗಿ ಕಾಣ್ತು, ಚಿತ್ರದ ಅಂಚಲ್ಲಿ ಚೆಲ್ಲೋ ಬೆಳಕನ್ನ ವೆಲ್ವೆಟ್ ಪೂರ್ತಿ ನುಂಗತ್ತೆ.

ಒಂದೇ ಒಂದು ಸಮಸ್ಯೆ. ಪರದೆಯ ಕೆಳಗಿನ ಕಾಲು ಭಾಗ ಕೆಂಪಗಿದೆ. ಪ್ರೊಜೆಕ್ಟರ್ ಕೆಟ್ಟಿದ್ಯೇನೋ ಅಂತ ತಲೆಕೆಳಗು ಮಾಡಿ ಬಿಟ್ಟು ನೋಡಿದೆ, ಆಗಲೂ ಕೆಳಗೇ ಕೆಂಪು. ಕ್ರಿಕೆಟ್ ಆಟಗಾರರ ಬಿಳಿ ಪ್ಯಾಂಟು ಮಂಡಿಯಿಂದ ಕೆಳಗೆ ಗುಲಾಬಿ.

ಬಯಲುಸೀಮೆ

ಅಣ್ಣ, ನಿಮ್ಮ ನೆಲ! ರೆಡ್ ಆಕ್ಸೈಡು, ವ್ಯಾಕ್ಸ್ ಹಾಕಿ ಉಜ್ಜಿರ್ತೀರ, ಪರದೆ ಬೆಳಕು ನೆಲಕ್ಕೆ ಬಿದ್ದು ಕೆಂಪಾಗಿ ವಾಪಸ್ ಪರದೆಗೆ ಹೋಗ್ತೈತೆ. ಪರದೆ ಮುಂದೆ ನೆಲಕ್ಕೆ ಒಂದು ಕರಿ ಕಂಬಳಿ ಹಾಸಿ ನೋಡಿ, ಕುರಿ ಉಣ್ಣೆದು, ನಮ್ಮ ಕಡೆ ಸಂತೇಲಿ ಸಿಗೋದು. ಕರಿ ಉಣ್ಣೆ ಕಂಬಳಿ ಬೆಳಕನ್ನ ಚೆನ್ನಾಗಿ ಕುಡಿಯುತ್ತೆ.

ಕಾಫಿಕಣ

ಅಣ್ಣ ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಮನೇಲಿ ಅಜ್ಜನ ಕಾಲದ ಕಂಬಳಿ ಇತ್ತು, ಮಳೇಲಿ ತೋಟಕ್ಕೆ ಹೊದ್ಕೊಂಡು ಹೋಗ್ತಿದ್ದದ್ದು. ಬಿಚ್ಚಿ ಪರದೆ ಬುಡಕ್ಕೆ ಹಾಸಿದ ಕೂಡ್ಲೇ ಕೆಂಪು ಮಾಯ, ಕಣ್ಣೆದುರಿಗೇ. ಒಂದು ಚೂರು ಸರಿಸಿದ್ರೆ ಆ ಜಾಗದಲ್ಲಿ ಮತ್ತೆ ಗುಲಾಬಿ, ಮುಚ್ಚಿದ್ರೆ ಬಿಳಿ. ಹತ್ತು ಸಲ ಮಾಡಿ ನೋಡಿದ್ವಿ ಮನೆಯವರೆಲ್ಲ.

ಏಲಕ್ಕಿಕಾಡು (ಸಕಲೇಶಪುರ)

ಎಲ್ಲಾ ಓದ್ದೆ, ಬಹಳ ಉಪಯೋಗ ಆಯ್ತು. ನಮ್ಮ ಎಸ್ಟೇಟಲ್ಲಿ ಕೊಯ್ಲು ಮುಗಿದ್ಮೇಲೆ ಕೆಲಸದವ್ರಿಗೆಲ್ಲ ಕಾಫಿ ಕಣದಲ್ಲಿ ಒಂದು ಸಿನಿಮಾ ತೋರಿಸೋ ಆಸೆ. ಅಲ್ಲಿಗೂ ಇದೇ ಬಟ್ಟೆ ಆಗತ್ತಾ?

ಹಾಸನ್ ಹೈಫೈ

ಬಟ್ಟೆ ಆಗತ್ತೆ, ಚೌಕಟ್ಟು ಬೇರೆ. ಬಯಲಲ್ಲಿ ಗಾಳಿಗೆ ಪರದೆ ಹಾಯಿ ಆಗಿಬಿಡತ್ತೆ. ಸುತ್ತ ಪಟ್ಟಿ ಮಡಚಿ ಹೊಲಿಸಿ ಅಡಿಗೊಂದು ಐಲೆಟ್ (ತೂತಿಗೆ ಹಾಕೋ ಲೋಹದ ಬಳೆ) ಹೊಡೆಸಿ, ಬೈಕಿಗೆ ಸಾಮಾನು ಕಟ್ಟೋ ರಬ್ಬರ್ ಹಗ್ಗದಲ್ಲಿ ಕಬ್ಬಿಣದ ಪೈಪ್ ಚೌಕಟ್ಟಿಗೆ ಕಟ್ಟಿ, ಗಾಳಿ ಬಂದ್ರೆ ರಬ್ಬರ್ ಎಳ್ಕೊಂಡು ಮತ್ತೆ ಬಿಗಿ ಆಗತ್ತೆ. ಕಣದ ಸಿಮೆಂಟ್ ನೆಲ ತಿಳಿ ಬಣ್ಣ, ಪರದೆ ಮುಂದಿನ ಹತ್ತಡಿಗೆ ಕರಿ ಟಾರ್ಪಾಲ್ ಹಾಸಿ. ಹುಣ್ಣಿಮೆ ಹಿಂದೆಮುಂದೆ ಇಟ್ಕೋಬೇಡಿ. ದೂರದಿಂದ ತುಂಬಾ ಜನ ನೋಡೋದ್ರಿಂದ ಪ್ರೊಜೆಕ್ಟರ್ ಬಾಡಿಗೆಗೆ ದೊಡ್ಡದು ತನ್ನಿ, ಮನೇದು ಸಾಲಲ್ಲ.

ಕಾಫಿಕಣ

ಮಳೆಗಾಲ ಮುಗೀತು, ಹೇಗಿದೆ ಅಂತ ಬರೀತೀನಿ. ಪರದೆ ಈಗಲೂ ಡಬ್ ಅನ್ನತ್ತೆ, ಸಡಿಲ ಆಗಿಲ್ಲ, ಮುಂದೆ ಒಂದು ಚುಕ್ಕಿ ಬೂಸ್ಟಿಲ್ಲ. ಗೋಡೆಗೆ ತಾಗಿಸದೆ ಎರಡಿಂಚು ಬಿಟ್ಟು ತೂಗು ಹಾಕಿದ್ದೆ, ಹಿಂದೆ ಗಾಳಿ ಆಡ್ತಿತ್ತು, ಅದ್ರಿಂದಾನೂ ಇರಬೇಕು. ತೆಗೆದು ಹಿಂಭಾಗ ನೋಡಿದಾಗ ಕೆಳಗಿನ ಸಾಲಿನ ಸ್ಟೇಪಲ್‌ಗಳು ತುಕ್ಕು ಹಿಡಿದಿದ್ವು, ತುಕ್ಕು ಬಟ್ಟೆಗೆ ಇಳಿಯೋ ಮುಂಚೆ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹೊಡೆದೆ. ಮಾಡೋರು ಮೊದಲೇ ಅದನ್ನೇ ತನ್ನಿ. ಕಂಬಳಿಗೆ ಮಾತ್ರ ತೇವದ ವಾಸನೆ ಬಂದಿತ್ತು, ಈಗ ಕಣದಲ್ಲಿ ಬಿಸಿಲಿಗೆ ಹಾಕಿದೀನಿ, ಅದು ಒಣಗೋವರೆಗೂ ಬಿಳಿ ಪ್ಯಾಂಟು ಗುಲಾಬಿ.

ಅಪ್ಪಯ್ಯನ ಕುರ್ಚಿ ಪರದೆಯಿಂದ 10 ಅಡಿಗೆ ಇಟ್ಟಿದೀನಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೀನಿ. ನಿನ್ನೆ ಮ್ಯಾಚಿಗೆ ಅವ್ರು ಕುರ್ಚಿ ಮುಂದಕ್ಕೆ ಎಳ್ಕೊಳ್ಳಲಿಲ್ಲ. ಓವರ್ ಮುಗಿದಾಗ ಸ್ಕೋರು ಅವ್ರೇ ಓದಿ ಹೇಳಿದ್ರು ನನಗೆ.